ಹಾಡು ಒಂದು, ಎದೆಬಡಿತ ಎಂಟು

ಆಗಸ್ಟಿನ ಶನಿವಾರ ಸಂಜೆ. ದುಬೈಯ ಅಲ್ ನಹ್ದಾದಲ್ಲಿ ಬಿಸಿಲು ಇಳಿದಿದೆ, ಸೆಕೆ ಇಳಿದಿಲ್ಲ. ಕಟ್ಟಡವೊಂದರ ಮೊದಲ ಮಹಡಿಯ ಹಾಲ್‌ನಲ್ಲಿ ಎಂಟು ಮಂದಿ ಹೆಂಗಸರು ಗೋಡೆಯತ್ತ ತಿರುಗಿ, ಟೀ ಶರ್ಟಿನೊಳಗೆ ಎದೆಪಟ್ಟಿ ಬಿಗಿಯುತ್ತಿದ್ದಾರೆ. ಬಿಗಿಯುವ ಮುನ್ನ ಅದರ ಒಳಮೈಗೆ ಬಾಟಲಿಯ ನೀರು ಸವರಬೇಕು. ಒಣಗಿದ್ದರೆ ಹೃದಯದ ವಿದ್ಯುತ್ ಮಿಡಿತ ಸರಿಯಾಗಿ ಸಿಗದು. ಕೈಗಡಿಯಾರಗಳೆಲ್ಲ ಬಳೆಗಳ ಜೊತೆ ಬ್ಯಾಗಿಗೆ ಹೋಗಿವೆ. ಪುಷ್-ಅಪ್‌ಗೆ ಮಣಿಕಟ್ಟು ಮಡಚಿದರೆ ಗಡಿಯಾರದ ಹಸಿರು ಬೆಳಕು ಏನೇನೋ ಅಂಕಿ ಹೇಳುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ತಂತಿಯಿಲ್ಲದ ಎದೆಬಡಿತ ಮಾಪಕ ತಂದಾಗ ಅದರ ಕಣ್ಣಿದ್ದದ್ದು ಹಿಮದಲ್ಲಿ ಸ್ಕೀ ಓಡುವವರ ಮೇಲೆ. ಮರಳುಗಾಡಿಗೆ ಬಂದರೂ ಪಟ್ಟಿಯ ಕೆಲಸ ಅದೇ.

ಕುರ್ಚಿಯ ಮೇಲಿನ ಟ್ಯಾಬ್‌ನಲ್ಲಿ ಚೌಕಗಳು ಬೆಳಗುತ್ತವೆ: 84, 79, 91. ಮೆಟ್ರೋ ಸ್ಟೇಷನ್ನಿನಿಂದ ನಡೆದು ಬಂದವಳದ್ದು ಮಾತ್ರ ಆಗಲೇ 118. ಮೈ ತಣಿಸಲು ರಕ್ತ ಚರ್ಮದತ್ತ ಹರಿದಿದೆ, ಹೃದಯ ಅದಕ್ಕೂ ದುಡಿಯುತ್ತಿದೆ. ಕೋಚ್ ಅವಳನ್ನು ಎ.ಸಿ. ಕೆಳಗೆ ನಿಲ್ಲಿಸುತ್ತಾರೆ. ಅದು ನೂರಕ್ಕೆ ಇಳಿಯುವ ತನಕ ಹಾಡಿಲ್ಲ.

ಆಮೇಲೆ ಹಾಡು. ಮಾರ್ಚ್, ಜಾಗ್, ಸ್ಕಿಪ್, ನೀ-ಲಿಫ್ಟ್, ಕಿಕ್, ಜಂಪಿಂಗ್ ಜ್ಯಾಕ್, ಲಂಜ್. ಏರೋಬಿಕ್ ಜಿಮ್ನಾಸ್ಟಿಕ್ಸಿನ ಈ ಏಳು ಮೂಲ ಹೆಜ್ಜೆಗಳನ್ನೇ ಹೊಸೆದು ಸ್ಪರ್ಧೆಗೆಂದು ಕಟ್ಟಿದ ಆಟ. ಹದಿನಾರು ಕೈ ಒಂದೇ ಎತ್ತರದಲ್ಲಿ, ಒಂದೇ ಕ್ಷಣದಲ್ಲಿ ನಿಲ್ಲಬೇಕು. ಹಲಗೆ ನೆಲ ಧಡಧಡ ಎನ್ನುತ್ತದೆ, ಶೂಗಳು ಕಿರುಗುಡುತ್ತವೆ, ಕನ್ನಡಿಯ ಮೇಲೆ ಉಸಿರಿನ ಮಂಜು. ಕೋಚ್ ಈಗ ಟ್ಯಾಬ್ ನೋಡುವುದೇ ಇಲ್ಲ. ನೋಡದಿರುವುದೇ ಜಾಣತನ: ಕಾಲು ಓಡಿದಷ್ಟು ಬೇಗ ಅಂಕಿ ಓಡದು, ಕುಣಿತ ಮುಗಿಯುವ ಹೊತ್ತಿಗೆ ಚೌಕಗಳು ಕೆಂಪಾಗುತ್ತವೆ.

"ಅಕ್ಕ, ನಿಮ್ಮದು 183! ಕೂರ್ಬೇಡಿ, ನಡೀತಾ ಇರಿ."

"ನಂಗೇನೂ ಸುಸ್ತಿಲ್ಲ ಮಾರಾಯ್ತಿ, ನಿನ್ನ ಮೆಷಿನ್ನಿಗೇ ಸುಸ್ತು."

ಮಂಗಳೂರಿನ ಅಕ್ಕನಿಗೆ ವಯಸ್ಸು 42. 220ರಿಂದ ವಯಸ್ಸು ಕಳೆಯುವ, ಜಿಮ್ಮುಗಳ ಗೋಡೆಯಲ್ಲಿ ಪಂಚಾಂಗದಂತೆ ತೂಗುವ ಲೆಕ್ಕದಲ್ಲಿ ಅವರ ಮಿತಿ 178. ಮಿತಿ ದಾಟಿಯೂ ಅವರು ಹರಟುತ್ತಿದ್ದಾರೆ. ಆ ಲೆಕ್ಕ ಬರೀ ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಅದನ್ನೇ ನಂಬಿ ಹೆದರುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ.

ಕೋಚ್ ಕಾಯುವುದು ನಿಂತ ಮೇಲಿನ ಒಂದು ನಿಮಿಷವನ್ನು. ಅಕ್ಕನದು 183ರಿಂದ 141ಕ್ಕೆ ಸರ್ರನೆ ಇಳಿಯಿತು. 26ರ ಹುಡುಗಿಯೊಬ್ಬಳದು 186ರಿಂದ 172ಕ್ಕೆ ಇಳಿದು ಅಲ್ಲೇ ನಿಂತಿದೆ.

"ರಾತ್ರಿ ನಿದ್ದೆ ಮಾಡಿದ್ಯಾ?"

"ನೈಟ್ ಡ್ಯೂಟಿ ಇತ್ತು." ಅವಳು ನರ್ಸ್. ಬೆಳಿಗ್ಗೆ ಆಸ್ಪತ್ರೆಯಿಂದ ಬಂದು ಎರಡು ತಾಸು ಮಲಗಿದ್ದಾಳೆ, ಅಷ್ಟೆ.

ಕೂಡಲೇ ಸಾಲು ಬದಲಾಯಿತು. ಮುಂದಿನ ನಾಲ್ಕು ಜಿಗಿತಕ್ಕೆ ಅಕ್ಕ. ನರ್ಸ್ ಹಿಂದಿನ ಸಾಲಿಗೆ, ಅವಳಿಗೆ ಇವತ್ತು ಬರೀ ಕೈಚಲನೆ. ಹುಡುಗಿಯ ಮುಖ ಸಣ್ಣದಾಯಿತು. ಸ್ಪರ್ಧೆಯ ದಿನವೂ ತಾನು ಹಿಂದೆಯೇನಾ ಎಂದು ಕೇಳಿದಳು. ಆ ವಾರದ ಡ್ಯೂಟಿ ಪಟ್ಟಿ ತಂದು ತೋರಿಸು, ಆಮೇಲೆ ಹೇಳ್ತೇನೆ ಎಂದರು ಕೋಚ್.