ಪ್ಲಾಟಿನೆರಿಸ್ ಡ್ಯುಮೆರಿಲಿ: ಗುರುತಿಸುವಿಕೆಯ ಒಂದು ಸಮಸ್ಯೆ

ವಲಯವಂತ ಪ್ರಾಣಿಗಳ ಪೈಕಿ ನೆರೀಡಿಡೇ ಕುಟುಂಬಕ್ಕೆ ಸೇರಿದ ಹುಳುಗಳು ಬಂಡೆಗಳಿಂದ ಕೂಡಿದ ಕಡಲತೀರಗಳಲ್ಲಿ ಹೇರಳವಾಗಿ ಕಂಡುಬರುತ್ತವೆ. ಅವುಗಳಲ್ಲಿ ಪ್ಲಾಟಿನೆರಿಸ್ ಡ್ಯುಮೆರಿಲಿ ಎಂಬುದು ಕೆಲವೇ ಸೆಂಟಿಮೀಟರ್ ಉದ್ದದ ಪ್ರಭೇದ. ಫ್ರಾನ್ಸಿನ ಓದ್ವೆಂ ಮತ್ತು ಮಿಲ್ನ್ ಎಡ್ವರ್ಡ್ಸ್ ಇದನ್ನು 1833ರಲ್ಲಿ ವಿವರಿಸಿದರು. ಯುರೋಪಿನ ತೀರಗಳಲ್ಲಿ ಇದು ಕಡಲಪಾಚಿಗಳ ನಡುವೆ ಲೋಳೆಯ ಎಳೆಗಳಿಂದ ಕೊಳವೆಯನ್ನು ನೇಯ್ದುಕೊಂಡು ವಾಸಿಸುತ್ತದೆ.

ಎರಡು ಜೊತೆ ಕಣ್ಣು, ಒಂದು ಜೊತೆ ಸ್ಪರ್ಶಾಂಗ, ನಾಲ್ಕು ಜೊತೆ ಸ್ಪರ್ಶತಂತು ಹಾಗೂ ದೇಹದ ಖಂಡಗಳ ಇಕ್ಕೆಲಗಳಲ್ಲಿ ಬಿರುಗೂದಲುಳ್ಳ ಪಾರ್ಶ್ವಪಾದಗಳು ಇಡೀ ಕುಟುಂಬದ ಸಾಮಾನ್ಯ ಲಕ್ಷಣಗಳು. ಆದ್ದರಿಂದ ಕುಲವನ್ನು ನಿರ್ಧರಿಸಲು ಹೊರಚಾಚಿದ ಗಂಟಲನ್ನು ಪರೀಕ್ಷಿಸಬೇಕಾಗುತ್ತದೆ. ಅದರ ಮೇಲಿನ ಸೂಕ್ಷ್ಮ ಹಲ್ಲುಗಳು ನೆರಿಸ್ ಪೆಲಾಜಿಕಾದಲ್ಲಿ ಶಂಕುವಿನಾಕಾರದಲ್ಲಿರುತ್ತವೆ. ಪೆರಿನೆರಿಸ್ ಕಲ್ಟ್ರಿಫೆರಾದಲ್ಲಿ ಶಂಕುಗಳೊಡನೆ ಅಡ್ಡಪಟ್ಟಿಗಳೂ ಇರುತ್ತವೆ. ಪ್ಲಾಟಿನೆರಿಸ್‌ನಲ್ಲಾದರೋ ಅವು ಬಾಚಣಿಗೆಯ ಹಲ್ಲುಗಳಂತೆ ಸಾಲುಗಟ್ಟಿದ ತೀರ ಸಣ್ಣ ಕಡ್ಡಿಗಳು. ಹಿಂದಕ್ಕೆ ಬಾಗಿಸಿದರೆ ಅನೇಕ ಖಂಡಗಳನ್ನು ದಾಟುವ ನೀಳವಾದ ಸ್ಪರ್ಶತಂತುಗಳೂ ಇದರ ಗುರುತು.

ಸಮಸ್ಯೆ ಉದ್ಭವಿಸುವುದು ಇದರ ನಂತರ. ಮೊಕ್ಯಾಂ-ತಾಂದೊಂ 1869ರಲ್ಲಿ ಹೆಸರಿಸಿದ ಪ್ಲಾಟಿನೆರಿಸ್ ಮಸ್ಸಿಲಿಯೆನ್ಸಿಸ್ ಹೊರನೋಟಕ್ಕೆ ಡ್ಯುಮೆರಿಲಿಯನ್ನೇ ಹೋಲುತ್ತದೆ. ಆದರೆ ಎರಡರ ಜೀವನಕ್ರಮಗಳಲ್ಲಿ ಅಜಗಜಾಂತರವಿದೆ. ಡ್ಯುಮೆರಿಲಿಯಲ್ಲಿ ಗಂಡು ಹೆಣ್ಣು ಬೇರೆಬೇರೆ. ಪ್ರೌಢಾವಸ್ಥೆಯಲ್ಲಿ ಅವುಗಳ ಕಣ್ಣುಗಳು ಹಿಗ್ಗಿ, ಪಾದಗಳು ಈಜಲು ತಕ್ಕಂತೆ ಮಾರ್ಪಡುತ್ತವೆ. ರಾತ್ರಿಯ ವೇಳೆ ನೀರಿನ ಮೇಲ್ಮೈಗೆ ಬಂದು ಸುತ್ತುತ್ತ ಈಜಿ, ಅಂಡ-ವೀರ್ಯಾಣುಗಳನ್ನು ನೀರಿಗೆ ಬಿಟ್ಟು, ಆ ಒಂದೇ ಸಂತಾನೋತ್ಪತ್ತಿಯ ತರುವಾಯ ಸಾಯುತ್ತವೆ. ಈ ಕ್ರಿಯೆಗೂ ಚಂದ್ರನ ಬೆಳಕಿಗೂ ಇರುವ ಸಂಬಂಧವನ್ನು ಜರ್ಮನಿಯ ಹೌವೆನ್‌ಶಿಲ್ಡ್ ಪ್ರಯೋಗಗಳ ಮೂಲಕ ತೋರಿಸಿದರು. 1953ರಿಂದ ಪ್ರಯೋಗಾಲಯಗಳಲ್ಲಿ ಸಾಕಲ್ಪಡುತ್ತಿರುವ ಈ ಹುಳು ಬೆಳವಣಿಗೆ, ನರಮಂಡಲ ಹಾಗೂ ಜೈವಿಕ ಗಡಿಯಾರಗಳ ಅಧ್ಯಯನಕ್ಕೆ ಮಾದರಿ ಜೀವಿಯಾಗಿದೆ. ಮಸ್ಸಿಲಿಯೆನ್ಸಿಸ್ ಹಾಗಲ್ಲ. ಅದು ಮೊದಲು ಗಂಡಾಗಿದ್ದು, ಕೊಳವೆಯೊಳಗೆ ಮೊಟ್ಟೆಗಳನ್ನು ಪೋಷಿಸಿ, ಬಳಿಕ ಹೆಣ್ಣಾಗಿ ಪರಿವರ್ತನೆ ಹೊಂದುತ್ತದೆ. ಅದರ ಮೊಟ್ಟೆಗಳು ದೊಡ್ಡವು, ಭಂಡಾರದ್ರವ್ಯ ಹೆಚ್ಚಾಗಿರುವಂಥವು.

ಈ ವ್ಯತ್ಯಾಸ ಕೇವಲ ನಾಮಕರಣಕ್ಕೆ ಸೀಮಿತವಾದುದಲ್ಲ. ಇಟಲಿಯ ಇಸ್ಕಿಯಾ ದ್ವೀಪದ ಬಳಿ ಸಮುದ್ರತಳದಿಂದ ಇಂಗಾಲದ ಡೈಆಕ್ಸೈಡ್ ಹೊರಹೊಮ್ಮಿ ನೀರು ಆಮ್ಲೀಯವಾಗಿದೆ. ಅಲ್ಲಿ ಮರಿಗಳನ್ನು ಪೋಷಿಸುವ ಪ್ರಭೇದವೇ ಪ್ರಬಲವಾಗಿರುವುದು 2015ರಲ್ಲಿ ಪ್ರಕಟವಾದ ಅಧ್ಯಯನಗಳಿಂದ ತಿಳಿದುಬಂದಿತು. ಎರಡನ್ನೂ ಒಂದೇ ಹೆಸರಿನಡಿ ಎಣಿಸಿದ್ದರೆ, ಡ್ಯುಮೆರಿಲಿಯು ಆಮ್ಲೀಯತೆಯನ್ನು ಸಹಿಸಬಲ್ಲದೆಂಬ ತಪ್ಪು ನಿರ್ಣಯಕ್ಕೆ ಎಡೆಯಾಗುತ್ತಿತ್ತು. ದಕ್ಷಿಣ ಆಫ್ರಿಕದಲ್ಲಿ ಡ್ಯುಮೆರಿಲಿ ಎಂದೇ ದಾಖಲಾಗುತ್ತಿದ್ದ ಹುಳು ಬೇರೊಂದು ಪ್ರಭೇದವೆಂಬುದನ್ನು 2020ರ ಡಿಎನ್‌ಎ ಅಧ್ಯಯನ ಸ್ಪಷ್ಟಪಡಿಸಿತು.

ಆದುದರಿಂದ ಅಪ್ರೌಢ ಮಾದರಿಯೊಂದನ್ನು ಕೇವಲ ಆಕಾರದ ಆಧಾರದಿಂದ ಹೆಸರಿಸುವುದು ಸಾಧುವಲ್ಲ. ಹಲ್ಲುಗಳ ವಿನ್ಯಾಸ ಕುಲವನ್ನು ಸೂಚಿಸಬಲ್ಲದು. ಪ್ರಭೇದದ ನಿರ್ಣಯಕ್ಕೆ ಮೊಟ್ಟೆಗಳ ಸ್ವರೂಪ, ಸಂತಾನೋತ್ಪತ್ತಿಯ ಕ್ರಮ ಅಥವಾ ಡಿಎನ್‌ಎಯ ಪುರಾವೆ ಅವಶ್ಯಕ. ಸಂಗ್ರಹಿಸಿದ ಮಾದರಿಯ ಒಂದು ಭಾಗವನ್ನು ಫಾರ್ಮಾಲಿನ್‌ಗೆ ಬದಲಾಗಿ ಆಲ್ಕೊಹಾಲಿನಲ್ಲಿ ಕಾಪಿಟ್ಟರೆ, ಮುಂದಿನ ಸಂಶೋಧಕರು ಆ ದಾಖಲೆಯನ್ನು ಮರುಪರಿಶೀಲಿಸಲು ಸಾಧ್ಯವಾಗುತ್ತದೆ.