ಮಿದುಳಿನ ನಿರೋಧಕ ನರಕೋಶಗಳು: ಹೆಸರು ಮತ್ತು ವರ್ಗೀಕರಣ

ಗಾಯಕ್ಕೆ ಮಣ್ಣು ಸೇರಿ ತಗಲುವ ಮಾರಕ ರೋಗವೊಂದನ್ನು ಕನ್ನಡದಲ್ಲಿ ಧನುರ್ವಾಯು ಎನ್ನಲಾಗುತ್ತದೆ. ದವಡೆ ಕಚ್ಚಿಕೊಂಡು, ಬೆನ್ನು ಬಿಲ್ಲಿನಂತೆ ಬಾಗುವ ರೋಗಿಯ ಭಂಗಿಯೇ ಈ ಹೆಸರಿಗೆ ಮೂಲ. ರೋಗಕ್ಕೆ ಕಾರಣ ವಾಯುವಲ್ಲ, ಒಂದು ಬ್ಯಾಕ್ಟೀರಿಯಾದ ವಿಷ. ಆದರೆ ಬಿಲ್ಲಿನ ಹೋಲಿಕೆ ಮಾತ್ರ ಅತ್ಯಂತ ನಿಖರವಾದುದು. ತೋಳನ್ನು ಮಡಿಸುವ ಸ್ನಾಯು ಬಿಗಿಯುವಾಗ ಚಾಚುವ ಸ್ನಾಯು ಸಡಿಲವಾಗಬೇಕು. ಹಾಗೆ ಸಡಿಲಿಸುವ ಹೊಣೆ ಬೆನ್ನುಹುರಿಯ ಕೆಲವು ನರಕೋಶಗಳದು. ರೋಗದ ವಿಷವು ನರತಂತುಗಳ ಜಾಡು ಹಿಡಿದು ಬೆನ್ನುಹುರಿಯನ್ನು ತಲುಪಿ, ಈ ಕೋಶಗಳು ತಮ್ಮ ಸಂದೇಶವನ್ನು ಕಳುಹಿಸದಂತೆ ಮಾಡುತ್ತದೆ. ಆಗ ಎದುರುಬದುರಿನ ಸ್ನಾಯುಗಳು ಏಕಕಾಲಕ್ಕೆ ಸೆಟೆಯುತ್ತವೆ. ಬೆನ್ನಿನ ಬಲಿಷ್ಠ ಸ್ನಾಯುಗಳ ಸೆಳೆತಕ್ಕೆ ದೇಹ ಬಾಗುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಬೆಳೆಯುವ ಕಾಸರಕ ಮರದ ಬೀಜದಲ್ಲಿರುವ ಸ್ಟ್ರಿಕ್ನಿನ್ ಎಂಬ ವಿಷದಿಂದಲೂ ಬಹುಮಟ್ಟಿಗೆ ಇದೇ ಬಗೆಯ ಸೆಡೆತ ಉಂಟಾಗುತ್ತದೆ. ವ್ಯತ್ಯಾಸವಿಷ್ಟೆ: ಧನುರ್ವಾಯುವಿನಲ್ಲಿ ತಡೆಯ ಸಂದೇಶ ಹೊರಡುವುದೇ ಇಲ್ಲ, ಕಾಸರಕದ ವಿಷವೇರಿದಾಗ ಹೊರಟ ಸಂದೇಶವನ್ನು ಸ್ವೀಕರಿಸುವ ಸ್ಥಾನ ಮುಚ್ಚಿರುತ್ತದೆ.

ನಿರೋಧವು ಪ್ರಚೋದನೆಯಷ್ಟೇ ಸಕ್ರಿಯವಾದ ಕ್ರಿಯೆ ಎಂಬ ತಿಳಿವಳಿಕೆಗೆ ಭದ್ರ ಬುನಾದಿ ಹಾಕಿದವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. 1932ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಬೆನ್ನುಹುರಿಯಲ್ಲಿ ಈ ಕಾರ್ಯಕ್ಕೆ ಮುಖ್ಯವಾಗಿ ಗ್ಲೈಸಿನ್ ಎಂಬ ರಾಸಾಯನಿಕ ಬಳಕೆಯಾದರೆ, ಮಿದುಳಿನಲ್ಲಿ ಬಳಕೆಯಾಗುವುದು 'ಗಾಬಾ' ಎಂದು ಸಂಕ್ಷೇಪಿಸಲಾಗುವ ಗಾಮಾ ಅಮೈನೋ ಬ್ಯುಟಿರಿಕ್ ಆಮ್ಲ. ಇದು ಮಿದುಳಿನಲ್ಲಿದೆಯೆಂಬುದು 1950ರಲ್ಲಿ ಬೆಳಕಿಗೆ ಬಂದಿತು. ಮಿದುಳಿನ ತೊಗಟೆಯ ನರಕೋಶಗಳಲ್ಲಿ ಸುಮಾರು ಐದನೆಯ ಒಂದು ಭಾಗ ಮಾತ್ರ ನಿರೋಧಕಗಳು, ಉಳಿದವು ಉದ್ದೀಪಕಗಳು. ಸಂಖ್ಯೆಯಲ್ಲಿ ಅಲ್ಪವಾದ ಈ ವರ್ಗದಲ್ಲಿಯೇ ಆಕಾರ ವೈವಿಧ್ಯ ಹೆಚ್ಚು ಎಂಬುದು ಗಮನಾರ್ಹ.

ಈ ಕೋಶಗಳಲ್ಲಿ ಕೆಲವಕ್ಕೆ ಹೆಸರು ಬಂದದ್ದು ಅವುಗಳ ಕೆಲಸ ತಿಳಿಯುವ ಬಹಳ ಮೊದಲೇ. ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಪ್ರಕಟಿಸಿದ ಬೆಳ್ಳಿಯ ಲವಣದ ವಿಧಾನದಿಂದ ಒಂದೊಂದು ನರಕೋಶವನ್ನೂ ಕಪ್ಪಾಗಿಸಿ ಬಿಡಿಯಾಗಿ ನೋಡುವುದು ಸಾಧ್ಯವಾಯಿತು. ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಅದೇ ವಿಧಾನದಿಂದ 1888ರಲ್ಲಿ ಹಕ್ಕಿಗಳ ಕಿರುಮಿದುಳನ್ನು ಪರಿಶೀಲಿಸಿದಾಗ, ಕೆಲವು ಕೋಶಗಳ ತಂತುಗಳು ಪುರ್ಕಿಂಜೆ ಎಂಬ ದೊಡ್ಡ ಕೋಶಗಳ ಸುತ್ತ ಹೆಣೆದುಕೊಂಡಿರುವುದು ಕಂಡಿತು. ಅವು 'ಬುಟ್ಟಿ ಕೋಶ'ಗಳಾದವು. ಮಿದುಳಿನ ತೊಗಟೆಯಲ್ಲಿ ಅಂಥದೇ ಹೆಣಿಗೆ ಕಂಡುಬಂದಾಗ ಅಲ್ಲಿಗೂ ಅದೇ ಹೆಸರು ವಿಸ್ತರಿಸಿತು. ಬುಟ್ಟಿಯ ಕೆಲಸ ತಡೆಯುವುದೆಂಬುದು ತಿಳಿದುಬಂದದ್ದು 1960ರ ದಶಕದಲ್ಲಿ, ಜಾನ್ ಎಕಲ್ಸ್ ಮತ್ತು ಅವರ ಸಹೋದ್ಯೋಗಿಗಳ ಪ್ರಯೋಗಗಳಿಂದ. ಬುಟ್ಟಿಯೊಳಗಿನ ಪುರ್ಕಿಂಜೆ ಕೋಶವೂ ಸ್ವತಃ ನಿರೋಧಕವೇ ಎಂಬುದನ್ನು ಅದೇ ದಶಕದಲ್ಲಿ ಜಪಾನಿನ ಮಸಾವೊ ಇಟೊ ತೋರಿಸಿಕೊಟ್ಟರು. ಹೀಗಿರುವುದರಿಂದ, ತಡೆಯುವ ಕೋಶಗಳೆಲ್ಲ ಗಿಡ್ಡ ತಂತುವಿನ ನೆರೆಹೊರೆಯ ಕೋಶಗಳೆಂದು ಭಾವಿಸುವುದು ಸರಿಯಾಗದು.

ಬುಟ್ಟಿ ಕೋಶವು ತನ್ನ ಗುರಿಯಾದ ಕೋಶದ ಒಡಲನ್ನೇ ಆವರಿಸಿ ಹಿಡಿಯುತ್ತದೆ. ಇದಕ್ಕಿಂತ ಸೂಕ್ಷ್ಮವಾದುದು ಹಂಗೇರಿಯ ಯಾನೋಶ್ ಸೆಂತಾಗೊತಾಯಿ 1970ರ ದಶಕದಲ್ಲಿ ಗುರುತಿಸಿದ ತೂಗುದೀಪ ಕೋಶ. ಇದರ ತಂತುವಿನಿಂದ ನೇರವಾದ ಸಣ್ಣ ಸಾಲುಗಳು, ಷಾಂಡೆಲಿಯರಿನ ಮೇಣದಬತ್ತಿಗಳಂತೆ, ಒಂದರ ಪಕ್ಕ ಒಂದು ನಿಂತಿರುತ್ತವೆ. ಆ ಸಾಲುಗಳು ಎಲ್ಲಿ ಮುಗಿಯುತ್ತವೆಂಬುದನ್ನು ಪೀಟರ್ ಶೊಮೊಗಿ 1977ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ನಿರ್ಧರಿಸಿದರು. ಒಂದೊಂದು ಬತ್ತಿಯೂ ಉದ್ದೀಪಕ ಕೋಶವೊಂದರ ಅಕ್ಷತಂತುವಿನ ಬುಡವನ್ನು, ಅಂದರೆ ಸಂದೇಶ ಹೊರಡುವ ಹೊಸ್ತಿಲನ್ನೇ ಹಿಡಿದಿರುತ್ತದೆ. ಕಾರ್ಲೊ ಮಾರ್ಟಿನೊಟ್ಟಿ 1889ರಲ್ಲಿ ವರ್ಣಿಸಿದ, ಅವರದೇ ಹೆಸರು ಹೊತ್ತ ಕೋಶದ ದಾರಿ ಬೇರೆ. ಅದರ ತಂತು ಮೇಲ್ಮುಖವಾಗಿ ಸಾಗಿ, ತೊಗಟೆಯ ಅತ್ಯಂತ ಮೇಲಿನ ಪದರದಲ್ಲಿ ಹರಡಿ, ಉದ್ದೀಪಕ ಕೋಶಗಳ ತುದಿಗೊಂಬೆಗಳನ್ನು ತಲುಪುತ್ತದೆ. ಒಡಲು, ಹೊಸ್ತಿಲು, ಕೊಂಬೆ ಎಂಬ ಈ ನೆಲೆಭೇದ ಕೇವಲ ರೂಪದ ಮಾತಲ್ಲ. ಹೊಸ್ತಿಲಲ್ಲಿ ತಡೆದರೆ ಕೋಶ ಏನನ್ನು ಹೊರಕಳುಹಿಸಬೇಕೆಂಬುದರ ಮೇಲೆ ಹಿಡಿತ ದೊರೆಯುತ್ತದೆ. ಕೊಂಬೆಯಲ್ಲಿ ತಡೆದರೆ ಏನನ್ನು ಕೇಳಿಸಿಕೊಳ್ಳಬೇಕೆಂಬುದರ ಮೇಲೆ. ಇನ್ನು ಕೆಲವು ಕೋಶಗಳ ಮುಖ್ಯ ಗುರಿ ಇತರ ನಿರೋಧಕಗಳೇ. ತಡೆಯುವವನನ್ನೇ ತಡೆದು ಇವು ಉದ್ದೀಪಕಗಳಿಗೆ ದಾರಿ ಬಿಡಿಸುತ್ತವೆ.

ಆಕಾರವನ್ನು ಬಿಟ್ಟು ಒಳಗಿನ ರಾಸಾಯನಿಕವನ್ನು ಆಧಾರವಾಗಿಟ್ಟುಕೊಂಡರೆ ಚಿತ್ರ ಸರಳವಾಗುತ್ತದೆ. ಇಲಿಯ ತೊಗಟೆಯ ಒಂದು ಭಾಗವನ್ನು ಕುರಿತ 2011ರ ಸಮೀಕ್ಷೆಯ ಪ್ರಕಾರ, ಪಾರ್ವಾಲ್ಬುಮಿನ್ ಎಂಬ ಪ್ರೋಟೀನು ಇರುವವು ಸುಮಾರು ಶೇಕಡ 40, ಸೊಮ್ಯಾಟೊಸ್ಟಾಟಿನ್ ಇರುವವು ಶೇಕಡ 30. ಉಳಿದ ಶೇಕಡ 30ರಷ್ಟರಲ್ಲಿ ಸೆರೊಟೋನಿನ್‌ನ ಒಂದು ನಿರ್ದಿಷ್ಟ ಗ್ರಾಹಕವಿರುತ್ತದೆ. ಬುಟ್ಟಿಗಳಲ್ಲಿ ಬಹುಪಾಲು ಮೊದಲ ಗುಂಪಿಗೂ ಮಾರ್ಟಿನೊಟ್ಟಿ ಕೋಶಗಳು ಎರಡನೆಯದಕ್ಕೂ ಸೇರುತ್ತವೆ. ತಡೆಯನ್ನೇ ತಡೆಯುವ ಕೋಶಗಳು ಮೂರನೆಯ ಗುಂಪಿನವು.

ಇಷ್ಟಾದರೂ ಒಟ್ಟು ಬಗೆಗಳೆಷ್ಟು ಎಂಬ ಪ್ರಶ್ನೆ ಬಗೆಹರಿದಿಲ್ಲ. 2005ರಲ್ಲಿ ತಜ್ಞರು ಕಹಾಲ್ ಅವರ ಹುಟ್ಟೂರಾದ ಪೆಟಿಲ್ಯಾ ದೆ ಅರಾಗೊನ್ ಎಂಬ ಪುಟ್ಟ ಹಳ್ಳಿಯಲ್ಲಿ ಸೇರಿ ಪರಿಭಾಷೆಯನ್ನು ಚರ್ಚಿಸಿದರು. 2008ರಲ್ಲಿ ಪ್ರಕಟವಾದ ಅವರ ನಿರ್ಣಯದಲ್ಲಿದ್ದುದು ಬಗೆಗಳ ಅಂತಿಮ ಪಟ್ಟಿಯಲ್ಲ. ಒಂದು ಕೋಶವನ್ನು ವರ್ಣಿಸುವಾಗ ನಮೂದಿಸಬೇಕಾದ ಲಕ್ಷಣಗಳ ಪಟ್ಟಿ. ಅದು ವಿವೇಕದ ನಿರ್ಣಯವೇ ಸರಿ. ಜನಪದ ಕಥೆಗಳ ಅಧ್ಯಯನವೂ ಇಂಥದೇ ಬಿಕ್ಕಟ್ಟನ್ನು ಬಲ್ಲದು: ಆಂಟಿ ಆರ್ನೆ 1910ರಲ್ಲಿ ರೂಪಿಸಿದ ಕಥಾವರ್ಗ ಸೂಚಿಯನ್ನು ಸ್ಟಿತ್ ಥಾಮ್ಸನ್ 1928 ಮತ್ತು 1961ರಲ್ಲಿಯೂ, ಹಾನ್ಸ್ ಯೋರ್ಗ್ ಊಥರ್ 2004ರಲ್ಲಿಯೂ ಪರಿಷ್ಕರಿಸಬೇಕಾಯಿತು. 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯತ್ನದಲ್ಲಿ 42 ಮಂದಿ ತಜ್ಞರಿಗೆ ಒಂದೇ ಚಿತ್ರಗಳ ಸಂಗ್ರಹವನ್ನು ಕೊಟ್ಟು ಹೆಸರಿಸಲು ಕೇಳಲಾಯಿತು. ತೂಗುದೀಪ ಕೋಶದ ಬಗ್ಗೆ ಅವರಲ್ಲಿ ಒಮ್ಮತವಿತ್ತು. ಆದರೆ ದೊಡ್ಡ ಬುಟ್ಟಿ ಯಾವುದು, ಸಾಮಾನ್ಯ ಬುಟ್ಟಿ ಯಾವುದು ಎಂಬಲ್ಲಿ ಒಮ್ಮತ ಮುರಿಯಿತು. ಬುಟ್ಟಿ, ಕುಕ್ಕೆ, ಹೆಡಿಗೆ, ಮಂಕರಿ ಎಂಬ ಭೇದಗಳನ್ನು ಬಳಕೆಯಿಂದ ಬಲ್ಲ ಹಳ್ಳಿಗರಿಗೆ, ಬರಿಯ ಚಿತ್ರ ನೋಡಿ ಬುಟ್ಟಿಯನ್ನು ಹೆಸರಿಸುವ ಈ ಕಷ್ಟ ಅರ್ಥವಾಗದೇ ಇರದು.

ವಂಶವಾಹಿಗಳ ಚಟುವಟಿಕೆಯನ್ನು ಅಳೆಯುವ ವಿಧಾನ ಬಂದ ಮೇಲೆ ಸಂಖ್ಯೆ ಇನ್ನಷ್ಟು ಏರಿತು. ಇಲಿಯ ತೊಗಟೆಯ ಎರಡು ಭಾಗಗಳನ್ನು ಪರಿಶೀಲಿಸಿದ ಸಿಯಾಟಲ್‌ನ ಅಲೆನ್ ಸಂಸ್ಥೆ 2018ರಲ್ಲಿ 133 ಕೋಶಬಗೆಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ ಗಾಬಾ ಬಳಸುವವು 61. ಅದೇ ಸಂಸ್ಥೆಯು 2020ರಲ್ಲಿ ಆಕಾರ, ವಿದ್ಯುತ್ ವರ್ತನೆ, ವಂಶವಾಹಿ ಮೂರನ್ನೂ ಕೂಡಿಸಿ ನೋಡಿದಾಗ, ಇಲಿಯ ದೃಷ್ಟಿಸಂಬಂಧಿ ತೊಗಟೆಯ ನಿರೋಧಕಗಳು 28 ಬಗೆಗಳಿಗೆ ಇಳಿದವು. ಇವುಗಳಲ್ಲಿ ಯಾವುದು ಸರಿ ಎಂದು ಕೇಳುವುದಕ್ಕಿಂತ, ಯಾವ ಅಳತೆಗೋಲಿಗೆ ಎಷ್ಟು ಎಂದು ಕೇಳುವುದು ಉಚಿತ. ಇಲಿಯ ಲೆಕ್ಕವನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಲೂ ಬರುವುದಿಲ್ಲ. 2018ರಲ್ಲಿಯೇ ಹಂಗೇರಿಯ ಸೆಗೆಡ್ ಮತ್ತು ಅಲೆನ್ ಸಂಸ್ಥೆಯ ಸಂಶೋಧಕರು ಮನುಷ್ಯನ ತೊಗಟೆಯ ಮೊದಲ ಪದರದಲ್ಲಿ, ಇಲಿಯಲ್ಲಿ ಕಾಣದ ಒಂದು ಬಗೆಯನ್ನು ಗುರುತಿಸಿದರು. ಅದರ ತಂತುವಿನ ಉಬ್ಬುಗಳು ಎಸಳುದುರಿದ ಗುಲಾಬಿಯ ಕಾಯಿಯಂತೆ ಕಂಡದ್ದರಿಂದ ಅದಕ್ಕೆ ಆ ಕಾಯಿಯ ಹೆಸರನ್ನೇ ಇಡಲಾಯಿತು. ಯಂತ್ರಗಳು ಎಷ್ಟೇ ಬಂದರೂ ಹೆಸರಿಡುವ ಕಣ್ಣು ಮನೆ, ಹಿತ್ತಿಲುಗಳ ಕಡೆಗೇ ಹೊರಳುತ್ತದೆ.

ಈ ಬಗೆಗಳನ್ನು ಬೇರ್ಪಡಿಸುವುದರ ಅಗತ್ಯ ಹೆಚ್ಚು ಸ್ಪಷ್ಟವಾಗುವುದು ರೋಗದಲ್ಲಿ. ಡ್ರಾವೆ ಸಿಂಡ್ರೋಮ್ ಎಂಬುದು ಹಸುಳೆಗಳಿಗೆ ಮೊದಲ ವರ್ಷದಲ್ಲೇ, ಹಲವು ವೇಳೆ ಜ್ವರದೊಂದಿಗೆ ಆರಂಭವಾಗುವ ತೀವ್ರ ಮೂರ್ಛೆರೋಗ. ಸೋಡಿಯಂ ಅಯಾನುಗಳು ಕೋಶದೊಳಕ್ಕೆ ಹೋಗುವ ಒಂದು ದ್ವಾರವನ್ನು ರೂಪಿಸುವ ವಂಶವಾಹಿಯ ದೋಷ ಇದಕ್ಕೆ ಕಾರಣವೆಂದು 2001ರಲ್ಲಿ ತಿಳಿಯಿತು. ಆ ದ್ವಾರ ಕೆಟ್ಟರೆ ಕೋಶದ ಚಟುವಟಿಕೆ ತಗ್ಗಬೇಕು. ಮೂರ್ಛೆ ಏಕೆ ಹೆಚ್ಚಬೇಕು? ಇಲಿಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರಿಸಿತು: ದೋಷದ ಪೆಟ್ಟು ಬಿದ್ದದ್ದು ಮುಖ್ಯವಾಗಿ ನಿರೋಧಕ ಕೋಶಗಳಿಗೆ. ಇತರ ಮೂರ್ಛೆಗಳಲ್ಲಿ ಉಪಯುಕ್ತವಾದ, ಸೋಡಿಯಂ ದ್ವಾರವನ್ನು ಮುಚ್ಚುವ ಕಾರ್ಬಮಾಜೆಪಿನ್, ಲ್ಯಾಮೊಟ್ರಿಜಿನ್‌ನಂಥ ಔಷಧಿಗಳು ಈ ಮಕ್ಕಳ ಸ್ಥಿತಿಯನ್ನು ಬಿಗಡಾಯಿಸುವುದೂ ಇದರಿಂದ ಅರ್ಥವಾಗುತ್ತದೆ; ಮೊದಲೇ ಸೊರಗಿದ ತಡೆಯನ್ನು ಅವು ಇನ್ನೂ ಸೊರಗಿಸುತ್ತವೆ. ಮುಂದೆ 2015ರ ಪ್ರಯೋಗದಲ್ಲಿ ಈ ವಂಶವಾಹಿಯನ್ನು ಒಂದೊಂದೇ ಬಗೆಯ ಕೋಶದಲ್ಲಿ ಪ್ರತ್ಯೇಕವಾಗಿ ಕುಂದಿಸಲಾಯಿತು. ಪಾರ್ವಾಲ್ಬುಮಿನ್ ಕೋಶಗಳಲ್ಲಿ ಕುಂದಿಸಿದಾಗ ಇಲಿಗಳು ತಮ್ಮ ಜೊತೆಯವುಗಳೊಂದಿಗೆ ಬೆರೆಯುವುದರಲ್ಲಿ ಹಿಂದುಳಿದವು. ಸೊಮ್ಯಾಟೊಸ್ಟಾಟಿನ್ ಕೋಶಗಳಲ್ಲಿ ಕುಂದಿಸಿದಾಗ ಅತಿಚಟುವಟಿಕೆ ತೋರಿದವು. ಮೈ ಬಿಸಿಯಾದಾಗ ಮೂರ್ಛೆಗೆ ಈಡಾಗುವ ಒಲವು ಮಾತ್ರ ಎರಡೂ ಗುಂಪುಗಳಲ್ಲಿ ಕಂಡುಬಂದಿತು.