ನಾಲ್ವರು ಹೊತ್ತ ಹಾಸಿಗೆ: ವಿಕಲಚೇತನ ಮಕ್ಕಳ ಶಿಕ್ಷಣವೂ ನಮ್ಮ ಗುರುಸೇವೆಯೂ

ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಪ್ರಭು ಯೇಸುವನ್ನು ಕೇಳಿದ ಪ್ರಶ್ನೆ (ಯೊವಾನ್ನ 9:1-3) ಇಂದಿಗೂ ನಮ್ಮ ಊರುಗಳಲ್ಲಿ ಕೇಳಿಬರುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಮನೆ ಸಂದರ್ಶನಕ್ಕೆ ಹೋದ ಗುರುವಿಗೆ ತಾಯಿಯೊಬ್ಬಳು ಮೂಲೆಯಲ್ಲಿ ಮಲಗಿರುವ ಮಗುವನ್ನು ತೋರಿಸಿ, "ಫಾದರ್, ನಮ್ಮಿಂದ ಏನ್ ತಪ್ಪಾಗೇತ್ರೀ?" ಎಂದು ಕೇಳುತ್ತಾಳೆ. ಆ ಪ್ರಶ್ನೆ ಅವಳದಲ್ಲ. ಅದು ಬಂಧುಗಳಿಂದ, ನೆರೆಹೊರೆಯವರಿಂದ, ಕೆಲವೊಮ್ಮೆ ಪ್ರಾರ್ಥನಾಕೂಟಗಳಿಂದಲೂ ಅವಳ ಕಿವಿಗೆ ಬಿದ್ದದ್ದು. ಪ್ರಭು ಅದಕ್ಕೆ ಉತ್ತರ ಹುಡುಕಲಿಲ್ಲ. ಪ್ರಶ್ನೆಯನ್ನೇ ತಳ್ಳಿಹಾಕಿ, ಮಾಡಬೇಕಾದ ದೇವರ ಕಾರ್ಯದ ಕಡೆಗೆ ಶಿಷ್ಯರನ್ನು ತಿರುಗಿಸಿದರು.

ಇಷ್ಟನ್ನು ದೈವಶಾಸ್ತ್ರದ ತರಗತಿಯಲ್ಲಿ ಎಲ್ಲರೂ ಒಪ್ಪುತ್ತಾರೆ. ಒಪ್ಪಿದ ಮೇಲೆ ಏನು ಮಾಡಬೇಕೆಂಬುದನ್ನು ಮಾತ್ರ ಗುರುಮಠದಲ್ಲಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗುರುದೀಕ್ಷೆಯ ಮೊದಲ ವರ್ಷಗಳಲ್ಲಿ ಅಂಥದೊಂದು ಮನೆಯಲ್ಲಿ ನಾವು ಮಗುವಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆವು, ತಾಯಿಗೆ ಸಾಂತ್ವನ ಹೇಳಿದೆವು, ಚಹಾ ಕುಡಿದು ಹೊರಟು ಬಂದೆವು. ಮಗುವಿಗೆ ಆಗ ಐದು ವರ್ಷ. ಶಾಲೆಯ ಮಾತು ನಮ್ಮ ಬಾಯಿಂದ ಬರಲೇ ಇಲ್ಲ. ಆರು ವರ್ಷಗಳ ನಂತರ ಮತ್ತೆ ಹೋದಾಗ ಮಗು ಅದೇ ಮೂಲೆಯಲ್ಲಿತ್ತು. ನಮ್ಮ ಆಶೀರ್ವಾದವನ್ನು ಆ ಮನೆಯವರು ಕೃತಜ್ಞತೆಯಿಂದ ನೆನೆದರು. ಅದೇ ನಮ್ಮನ್ನು ಹೆಚ್ಚು ಚುಚ್ಚಿತು.

ಮಾರ್ಕನ ಶುಭಸಂದೇಶದಲ್ಲಿ (2:1-12) ಪಾರ್ಶ್ವವಾಯುರೋಗಿಯನ್ನು ನಾಲ್ವರು ಹೊತ್ತು ತರುತ್ತಾರೆ, ಜನಜಂಗುಳಿಯನ್ನು ದಾಟಲಾಗದೆ ಮಾಳಿಗೆಯನ್ನೇ ತೆರೆಯುತ್ತಾರೆ. ಪ್ರಭು ಕಂಡದ್ದು ಅವರ ವಿಶ್ವಾಸವನ್ನು. ಆ ವಿಶ್ವಾಸ ಅಲ್ಲಿ ಹೆಗಲ ಮೇಲಿನ ಭಾರದ ರೂಪದಲ್ಲಿದೆ, ದಾರಿ ಹುಡುಕುವ ಜಾಣ್ಮೆಯ ರೂಪದಲ್ಲಿದೆ. ನಮ್ಮ ಕುಟುಂಬಗಳಿಗೆ ಬೇಕಾದದ್ದೂ ಇಂಥದೇ. ಆದ್ದರಿಂದ ದಾರಿಯ ವಿವರಗಳನ್ನೇ ಇಲ್ಲಿ ಮೊದಲು ಹೇಳುತ್ತೇವೆ. ದೈವಶಾಸ್ತ್ರದ ಪತ್ರಿಕೆಯಲ್ಲಿ ಕಚೇರಿಗಳ ಹೆಸರುಗಳೇಕೆ ಎಂದು ಓದುಗರು ಹುಬ್ಬೇರಿಸಬಾರದು.

ನಾಗನೂರಿನ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಅವರ ತಾಲ್ಲೂಕು ಮೂಡಲಗಿ. ಕಂದಾಯಕ್ಕೂ ಜಿಲ್ಲಾಸ್ಪತ್ರೆಗೂ ಜಿಲ್ಲಾ ಕೇಂದ್ರ ಬೆಳಗಾವಿ. ಆದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅವರು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವರು. ಕಬ್ಬು ಕಡಿಯುವ ಕಾಲದಲ್ಲಿ ನಸುಕಿನಲ್ಲೇ ಕೆಲಸಕ್ಕೆ ಹೊರಡುವ ತಂದೆತಾಯಿಗಳು ಯಾವ ಕಾಗದಕ್ಕೆ ಯಾವ ಊರಿಗೆ ಹೋಗಬೇಕೆಂದು ತಿಳಿಯದೆ ಒಂದೆರಡು ದಿನದ ಕೂಲಿ ಕಳೆದುಕೊಂಡು ಕೈಚೆಲ್ಲಿದರೆ ಅದನ್ನು ಉದಾಸೀನವೆನ್ನಲಾಗದು.

ಮೊದಲ ಬಾಗಿಲು ಊರಿನಲ್ಲೇ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಂದು ಬಾರಿ ಬಂದು ಮಕ್ಕಳ ಬೆಳವಣಿಗೆಯ ಕುಂದುಗಳನ್ನು ಪರೀಕ್ಷಿಸಬೇಕು. ನಾಚಿಕೆಯಿಂದ ಮನೆಯೊಳಗೆ ಬಚ್ಚಿಟ್ಟ ಮಗು ಆ ತಂಡದ ಕಣ್ಣಿಗೆ ಬೀಳುವುದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅಲ್ಪ ಗೌರವಧನಕ್ಕೆ ದುಡಿಯುವ ಈ ಕಾರ್ಯಕರ್ತರು ಸ್ವತಃ ವಿಕಲಚೇತನರು. ಧರ್ಮಕೇಂದ್ರದ ಗುರುವಿಗೆ ಇವರ ಪರಿಚಯ ಇಲ್ಲದಿದ್ದರೆ ಅದು ಕೊರತೆಯೇ ಸರಿ.

ಎರಡನೆಯದು ಪ್ರಮಾಣಪತ್ರ. 1995ರ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಇಪ್ಪತ್ತೊಂದನ್ನು ಗುರುತಿಸುತ್ತದೆ. ಆಟಿಸಂ ಹಾಗೂ ಕಲಿಕಾ ನ್ಯೂನತೆಗಳೂ ಅದರಲ್ಲಿವೆ. ಹೆಚ್ಚಿನ ಸೌಲಭ್ಯಗಳಿಗೆ ನ್ಯೂನತೆಯ ಪ್ರಮಾಣ ಶೇ. 40ಕ್ಕೆ ಕಡಿಮೆಯಿರಬಾರದು. ಯು.ಡಿ.ಐ.ಡಿ. ಕಾರ್ಡಿಗೆ ಅಂತರ್ಜಾಲದಲ್ಲಿ ಅರ್ಜಿ ಸಲ್ಲಿಸಿ, ನಿಗದಿಯಾದ ದಿನ ಆಸ್ಪತ್ರೆಗೆ ಮಗುವನ್ನು ಕರೆದೊಯ್ಯಬೇಕು. ಅರ್ಜಿ ತುಂಬಲು ಧರ್ಮಕೇಂದ್ರದ ಯುವಕನೊಬ್ಬ ಸಾಕು. ಆಸ್ಪತ್ರೆಗೆ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸುವ ತಾಯಿಯ ಜೊತೆ ಹೋಗಲು ಇನ್ನೊಬ್ಬರು ಬೇಕು. ಹೀಗೆ ನಾಲ್ವರು ಸೇರುತ್ತಾರೆ. ಇಲ್ಲಿ ಒಂದು ಎಚ್ಚರಿಕೆ: ಶಾಲೆಗೆ ಸೇರಿಸಲು ಈ ಕಾರ್ಡು ಕೈಸೇರುವವರೆಗೆ ಕಾಯಬೇಕಿಲ್ಲ. ಕಾಯುತ್ತ ಕುಳಿತು ವರ್ಷ ಕಳೆದುಕೊಂಡ ಮನೆಗಳನ್ನು ನಾವು ಕಂಡಿದ್ದೇವೆ.

ಶಾಲೆಯ ಆಯ್ಕೆಯ ವಿಷಯದಲ್ಲಿ ಗುರುಗಳಾದ ನಮ್ಮ ತಪ್ಪು ಹೆಚ್ಚು. ಇಂಥ ಮಗು ಎಂದೊಡನೆ ಧರ್ಮಭಗಿನಿಯರ ಯಾವುದಾದರೂ ವಸತಿ ಸಂಸ್ಥೆಗೆ ಒಂದು ಶಿಫಾರಸು ಪತ್ರ ಬರೆದು ಕೈತೊಳೆದುಕೊಳ್ಳುತ್ತೇವೆ. ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆಯಂಥ ಸಂಸ್ಥೆಗಳಲ್ಲಿ ಧರ್ಮಭಗಿನಿಯರು ಮಾಡಿರುವ ಸೇವೆಗೆ ನಾವು ತಲೆಬಾಗುತ್ತೇವೆ. ಆದರೆ 2016ರ ಕಾಯಿದೆಯ 31ನೆಯ ಕಲಮು ಶೇ. 40 ಅಥವಾ ಅದಕ್ಕೂ ಹೆಚ್ಚಿನ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಆಯ್ಕೆ ಮಗುವಿನದು, ಮನೆಯವರದು; ಗುರುವಿನದಲ್ಲ, ಮುಖ್ಯೋಪಾಧ್ಯಾಯರದೂ ಅಲ್ಲ. ಸನ್ನೆ ಭಾಷೆ ಕಲಿಯಬೇಕಾದ ಕಿವುಡ ಮಗುವಿಗೆ ಅದೇ ಭಾಷೆಯಾಡುವ ಮಕ್ಕಳ ನಡುವಿನ ವಿಶೇಷ ಶಾಲೆ ವರವಾಗಬಹುದು. ಬುದ್ಧಿ ಚುರುಕಾಗಿದ್ದು ಕಾಲಿನ ಬಲ ಮಾತ್ರ ಸಾಲದ ಮಗುವನ್ನು, ಶಾಲೆಗೆ ಇಳಿಜಾರು ದಾರಿ ಇಲ್ಲವೆಂಬ ಒಂದೇ ಕಾರಣಕ್ಕೆ ಊರು ಬಿಡಿಸುವುದು ಅನ್ಯಾಯ. ಇಳಿಜಾರು ಕಟ್ಟಲು ಎಷ್ಟು ಇಟ್ಟಿಗೆ ಬೇಕು?

ಪ್ರತಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲೂ ಸಮನ್ವಯ ಶಿಕ್ಷಣಕ್ಕೆಂದೇ ಸಂಪನ್ಮೂಲ ಶಿಕ್ಷಕರು, ಅಂದರೆ ಬಿ.ಐ.ಇ.ಆರ್.ಟಿ.ಗಳು, ಇರಬೇಕು. ತೀವ್ರ ಅಥವಾ ಬಹುವಿಧ ನ್ಯೂನತೆಯ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಪಡೆಯುವ ಅವಕಾಶವನ್ನು 2012ರ ತಿದ್ದುಪಡಿ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಸೇರಿಸಿತು. ಅದು ಕುಟುಂಬಕ್ಕೆ ಕೊಟ್ಟ ಹಕ್ಕು. ಮಗುವಿನ ಹೆಸರನ್ನು ಹಾಜರಿಯಲ್ಲಿಟ್ಟು, ಮಗುವನ್ನು ಮನೆಯಲ್ಲೇ ಬಿಡಲು ಶಾಲೆಗೆ ಕೊಟ್ಟ ಅನುಮತಿಯಲ್ಲ. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೊಬ್ಬ, ಮೇಲಿನ ಹಂತಗಳಲ್ಲಿ ಹದಿನೈದು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರ ಅಕ್ಟೋಬರಿನಲ್ಲಿ ಹೇಳಿತು. ನಮ್ಮ ಊರುಗಳಲ್ಲಿ ಆ ಪ್ರಮಾಣವನ್ನು ಕನಸಿನಲ್ಲಷ್ಟೇ ಕಾಣಬಹುದು. ಆದರೂ ತಂದೆತಾಯಿಗಳು ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ವ್ಯರ್ಥವಲ್ಲ. ಬಾಯಿಮಾತಿನ ವಿನಂತಿಗೆ ಕಡತದಲ್ಲಿ ಜಾಗವಿಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಲಿಪಿಕಾರ, ಹೆಚ್ಚುವರಿ ಸಮಯ ಮುಂತಾದವನ್ನೂ ವರ್ಷದ ಆರಂಭದಲ್ಲೇ ಕೇಳಿಡಬೇಕು.

ಸರ್ಕಾರಿ ಶಾಲೆಯನ್ನು ಹೀಗೆ ಪ್ರಶ್ನಿಸುವ ನಾವು ನಮ್ಮ ಧರ್ಮೋಪದೇಶದ ತರಗತಿಯನ್ನೂ ನೋಡಿಕೊಳ್ಳಬೇಕು. ದೈಹಿಕವಾಗಿಯಾಗಲಿ ಮಾನಸಿಕವಾಗಿಯಾಗಲಿ ಕುಂದುಳ್ಳವರಿಗೂ ಅವರ ಸ್ಥಿತಿಗೆ ತಕ್ಕಂತೆ ಧರ್ಮೋಪದೇಶ ದೊರೆಯುವಂತೆ ನೋಡಿಕೊಳ್ಳುವುದು ಧರ್ಮಕೇಂದ್ರದ ಗುರುವಿನ ಕರ್ತವ್ಯವೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ (777) ವಿಧಿಸುತ್ತದೆ. "ಇವನಿಗೆ ಏನು ತಿಳಿಯುತ್ತದೆ?" ಎಂಬ ಒಂದು ಮಾತಿನಿಂದ ಎಷ್ಟೋ ಮಕ್ಕಳು ಪರಮಪ್ರಸಾದದಿಂದ ದೂರ ಉಳಿದಿದ್ದಾರೆ. ಪರಮಪ್ರಸಾದದ ಕುರಿತ 2007ರ ತಮ್ಮ ಪತ್ರದಲ್ಲಿ (58) ಜಗದ್ಗುರು ಹದಿನಾರನೆಯ ಬೆನೆಡಿಕ್ಟರು, ಬೌದ್ಧಿಕ ನ್ಯೂನತೆಯುಳ್ಳವರು ತಮ್ಮ ಜೊತೆಗಿರುವ ಕುಟುಂಬದ ಅಥವಾ ಸಮುದಾಯದ ವಿಶ್ವಾಸದಲ್ಲೂ ಪರಮಪ್ರಸಾದವನ್ನು ಸ್ವೀಕರಿಸುತ್ತಾರೆಂದು ಬೋಧಿಸಿದರು. ಹಾಸಿಗೆ ಹೊತ್ತ ನಾಲ್ವರ ವಿಶ್ವಾಸ ಇಲ್ಲಿ ಸಂಸ್ಕಾರದ ಅಂಗಳಕ್ಕೇ ಬಂದು ನಿಲ್ಲುತ್ತದೆ. ಬೋಧನಾ ವಿಧಾನಕ್ಕೂ ಮಾದರಿ ಶುಭಸಂದೇಶದಲ್ಲೇ ಇದೆ: ಕಿವುಡನನ್ನು ಪ್ರಭು ಜನರಿಂದ ಬದಿಗೆ ಕರೆದೊಯ್ದು, ಮೊದಲು ಕಿವಿಯನ್ನೂ ನಾಲಿಗೆಯನ್ನೂ ಮುಟ್ಟಿದರು, ಆಮೇಲೆ 'ಎಫ್ಫಥಾ' ಎಂದರು (ಮಾರ್ಕ 7:31-37). ಕೇಳಿಸದವನಿಗೆ ಸ್ಪರ್ಶ ಮೊದಲು, ಮಾತು ನಂತರ.

ಮೇಲೆ ಹೇಳಿದ ಮಗುವಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಗೃಹಾಧಾರಿತ ಶಿಕ್ಷಣ ಆರಂಭವಾಯಿತು. ಹೆಸರು ಕರೆದರೆ ಕೈ ಎತ್ತುವುದನ್ನು ಅವನು ಕಲಿತ. ಬಲಿಪೂಜೆಯಲ್ಲಿ ಗಂಟೆ ಬಾರಿಸಿದಾಗಲೂ ಎತ್ತುತ್ತಾನೆ. ಅವನ ತಾಯಿ ಈಗ ತಪ್ಪಿನ ಮಾತು ಎತ್ತುವುದಿಲ್ಲ. ತಾವು ಹೋದ ಮೇಲೆ ಅವನಿಗೆ ಯಾರು ಎಂದು ಕೇಳುತ್ತಾಳೆ. ಮಗ ಹದಿನೆಂಟು ದಾಟಿದ ಮೇಲೆ ತಂದೆತಾಯಿಗಳೂ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಮುಂದುವರಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆಗಳುಳ್ಳವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ಅವನ ಚಿಕ್ಕಪ್ಪ ಒಪ್ಪಿದ್ದಾರೆ. ಆ ಅರ್ಜಿಯನ್ನು ಬರೆದುಕೊಡುವ ಕೆಲಸ ನಮ್ಮ ಪಾಲಿಗೆ ಬಂದಿದೆ.